ಬೀಸಿದ್ದನ್ನೇ ಬೀಸುವ ಸುಖ: ವಿಡಿಯೊ ಗೇಮ್‌ನ ‘ಗ್ರೈಂಡಿಂಗ್’ ಮನಸ್ಸನ್ನು ಹಿಡಿದಿಡುವುದು ಹೇಗೆ?

ಮಂಡ್ಯ: ಸಂಜೆಯ ಹೊತ್ತು ಮಳವಳ್ಳಿ ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗರ ಕೈಯಲ್ಲಿರುವ ಮೊಬೈಲನ್ನು ಒಮ್ಮೆ ಗಮನಿಸಿ. ಅದೇ ಬಯಲು, ಅದೇ ಮರ, ಅದೇ ಶತ್ರು. ಕಡಿದ ಮರವನ್ನೇ ಮತ್ತೆ ಕಡಿಯುವುದು, ಗೆದ್ದ ಕಾಳಗವನ್ನೇ ಮತ್ತೆ ಗೆಲ್ಲುವುದು. ಮನೆಯಲ್ಲಿ ಹಸುವಿಗೆ ಹುಲ್ಲು ಹಾಕು ಎಂದರೆ ‘ದಿನಾ ಇದೇ ಆಯಿತಲ್ಲ’ ಎಂದು ಗೊಣಗುವ ಹುಡುಗ, ಆಟದೊಳಗೆ ಒಂದೇ ಕೆಲಸವನ್ನು ನೂರು ಬಾರಿ ಬೇಸರವಿಲ್ಲದೆ ಮಾಡುತ್ತಾನೆ. ಇದು ಸೋಮಾರಿತನವೇ, ಚಟವೇ, ಅಥವಾ ಬೇರೆ ಏನಾದರೂ ಇದೆಯೇ ಎಂಬ ಪ್ರಶ್ನೆ ಮಂಡ್ಯ, ಮದ್ದೂರು, ಮಳವಳ್ಳಿಯ ಅನೇಕ ಹೆತ್ತವರನ್ನು ಕಾಡುತ್ತಿದೆ.

ಆಟದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಅಂಕ, ಆಯುಧ, ಶಕ್ತಿಗಳನ್ನು ಕೂಡಿಹಾಕುವುದನ್ನು ಆಟಗಾರರು ‘ಗ್ರೈಂಡಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ‘ಬೀಸುವುದು’. ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಹಿಟ್ಟಿನ ಗಿರಣಿಗಳು ಬರುವ ಮುನ್ನ ಈ ಸೀಮೆಯ ಹೆಣ್ಣುಮಕ್ಕಳು ಕೋಳಿ ಕೂಗುವ ಮೊದಲೇ ಎದ್ದು ರಾಗಿಕಲ್ಲಿನ ಮುಂದೆ ಕೂರುತ್ತಿದ್ದರು. ಆ ಕಲ್ಲಿನ ಕಥೆಗೆ ಮುಂದೆ ಬರೋಣ.

ಅನುಭವಾಂಕದ ಹುಟ್ಟು

ಆಟಗಾರ ಬಲಿಯುತ್ತಾ ಹೋಗುವ ಲೆಕ್ಕಾಚಾರ ಜನಪ್ರಿಯವಾದದ್ದು ಕಂಪ್ಯೂಟರಿನಿಂದಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ, ದಾಳಗಳ ಆಟದಲ್ಲಿ ‘ಅನುಭವಾಂಕ’ ಎಂಬ ಕಲ್ಪನೆಯಿತ್ತು. ಸಾಹಸ ಮಾಡಿದಷ್ಟೂ ಅಂಕ ಕೂಡುತ್ತದೆ, ಅಂಕ ತುಂಬಿದರೆ ಪಾತ್ರ ಮುಂದಿನ ಮಟ್ಟಕ್ಕೇರುತ್ತದೆ. 1986ರಲ್ಲಿ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಇದನ್ನು ಮನೆಮನೆಯ ವಿಡಿಯೊ ಗೇಮ್‌ಗೆ ತಂದಿತು. 2001ರ ‘ರೂನ್‌ಸ್ಕೇಪ್’ನಲ್ಲಿ ಮರ ಕಡಿಯುವುದು, ಮೀನು ಹಿಡಿಯುವುದೇ ಗಂಟೆಗಟ್ಟಲೆಯ ಆಟವಾಯಿತು. ಇಂದಿನ ಮೊಬೈಲ್ ಆಟಗಳ ದಿನನಿತ್ಯದ ಗುರಿಗಳು, ಮಟ್ಟಗಳು, ಪದಕಗಳು ಇದೇ ವಂಶದವು.

ಬೇಸರ ಏಕೆ ಬರುವುದಿಲ್ಲ?

ಇದಕ್ಕೆ ಒಂದೇ ಕಾರಣವಿಲ್ಲ. ಮನಃಶಾಸ್ತ್ರ ಹೇಳುವ ಕೆಲವು ಸಂಗತಿಗಳು ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು, ಕಣ್ಣಿಗೆ ಕಾಣುವ ಪ್ರಗತಿ. ಪ್ರತಿ ಏಟಿಗೂ ಪರದೆಯ ಮೇಲಿನ ಪಟ್ಟಿ ಒಂದಿಷ್ಟು ತುಂಬುತ್ತದೆ. ಗುರಿ ಹತ್ತಿರವಾದಷ್ಟೂ ಪ್ರಯತ್ನ ಚುರುಕಾಗುತ್ತದೆ ಎಂಬುದನ್ನು ಕ್ಲಾರ್ಕ್ ಹಲ್ 1930ರ ದಶಕದಲ್ಲಿಯೇ ಪ್ರತಿಪಾದಿಸಿದ್ದರು. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಅಂಗಡಿಯೊಂದರ 300 ಗಿರಾಕಿಗಳಿಗೆ ಚೀಟಿ ಹಂಚಿ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಅರ್ಧ ಜನರಿಗೆ 8 ಮುದ್ರೆ ಬೇಕಾದ ಚೀಟಿ. ಇನ್ನರ್ಧ ಜನರಿಗೆ 10 ಮುದ್ರೆಯ ಚೀಟಿ, ಆದರೆ ಅದರಲ್ಲಿ 2 ಮೊದಲೇ ಒತ್ತಲಾಗಿತ್ತು. ಇಬ್ಬರಿಗೂ ಬೇಕಾದದ್ದು ಎಂಟೇ. ಆದರೂ ಮೊದಲ ಗುಂಪಿನಲ್ಲಿ ಶೇ 19 ಮಂದಿ ಚೀಟಿ ತುಂಬಿಸಿದರೆ, ಎರಡನೆಯದರಲ್ಲಿ ಶೇ 34 ಮಂದಿ ತುಂಬಿಸಿದರು. ‘ಆಗಲೇ ಶುರುವಾಗಿದೆ’ ಎಂಬ ಭಾವನೆಗೆ ಅಷ್ಟು ಬಲ. ಹೊಸ ಆಟದಲ್ಲಿ ಮೊದಲ ಕೆಲವು ಮಟ್ಟಗಳು ನಿಮಿಷಗಳಲ್ಲಿ ಮುಗಿದು, ನಂತರದವು ದಿನಗಟ್ಟಲೆ ಹಿಡಿಯುವುದರ ಹಿಂದೆ ಇದೇ ತಿಳಿವಳಿಕೆಯಿದೆ.

ಎರಡನೆಯದು, ಅನಿಶ್ಚಿತ ಬಹುಮಾನ. ಹತ್ತು ಶತ್ರುಗಳನ್ನು ಕೊಂದರೆ ಒಂಬತ್ತು ಬಾರಿ ಸಾಮಾನ್ಯ ವಸ್ತು, ಎಂದೋ ಒಮ್ಮೆ ಅಪರೂಪದ ಆಯುಧ. ಆ ‘ಎಂದೋ ಒಮ್ಮೆ’ ಯಾವಾಗ ಎಂಬುದು ಗೊತ್ತಿಲ್ಲ. ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಷ್ಟು ಬಾರಿ ಕುಟುಕಿದರೆ ಕಾಳು ಬೀಳುತ್ತದೆಂದು ತಿಳಿಯದ ಪಾರಿವಾಳಗಳು ಬಿಡುವಿಲ್ಲದೆ ಕುಟುಕುತ್ತಲೇ ಇದ್ದವು. 1990ರ ದಶಕದಲ್ಲಿ ವೂಲ್ಫ್ರಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದರ ಮೆದುಳಿನ ನೆಲೆಯನ್ನು ತೋರಿದವು. ಡೋಪಮೈನ್ ಸ್ರವಿಸುವ ನರಕೋಶಗಳು ನಿರೀಕ್ಷಿತ ಬಹುಮಾನಕ್ಕಿಂತ ಅನಿರೀಕ್ಷಿತ ಬಹುಮಾನಕ್ಕೆ ಹೆಚ್ಚು ಮಿಡಿಯುತ್ತವೆ. ಜೂಜು ಮನುಷ್ಯನನ್ನು ಹಿಡಿಯುವುದೂ ಇದೇ ದಾರಿಯಲ್ಲಿ.

ಮೂರನೆಯದು, ತನ್ಮಯತೆ. ಹಂಗೆರಿ ಮೂಲದ ಮನಃಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಇದನ್ನು ‘ಫ್ಲೋ’ ಎಂದು ಕರೆದರು. ಕೆಲಸ ತೀರಾ ಕಷ್ಟವೂ ಅಲ್ಲ, ತೀರಾ ಸುಲಭವೂ ಅಲ್ಲ, ಗುರಿ ಸ್ಪಷ್ಟ, ಫಲಿತಾಂಶ ತಕ್ಷಣ ಎಂಬ ಸ್ಥಿತಿಯಲ್ಲಿ ಮನಸ್ಸು ಕಾಲದ ಪರಿವೆಯನ್ನೇ ಮರೆಯುತ್ತದೆ. ಗ್ರೈಂಡಿಂಗ್‌ನಲ್ಲಿ ಕೆಲಸ ಬಹುಪಾಲು ಸುಲಭದ ಕಡೆಗೇ ಇರುತ್ತದೆ. ಪರೀಕ್ಷೆಯ ಆತಂಕ, ಮನೆಯ ಚಿಂತೆ ತುಂಬಿದ ತಲೆಗೆ ಈ ಸುಲಭವೇ ವಿಶ್ರಾಂತಿ. ಕೈ ಕೆಲಸ ಮಾಡುತ್ತದೆ, ಮನಸ್ಸು ತಣ್ಣಗಾಗುತ್ತದೆ.

ರಾಗಿಕಲ್ಲು ಕಲಿಸುವ ಪಾಠ

ಈಗ ರಾಗಿಕಲ್ಲಿಗೆ ಬರೋಣ. ಕೆಳಗಿನ ಕಲ್ಲು ಅಲುಗದು, ಮೇಲಿನ ಕಲ್ಲು ಸುತ್ತುತ್ತದೆ. ಕೆಲವೊಮ್ಮೆ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ರಾಗಿ ಹಾಕಲು. ಇದಕ್ಕಿಂತ ಏಕತಾನದ ಕೆಲಸ ಮತ್ತೊಂದಿಲ್ಲ. ಆದರೆ ಆ ಕೆಲಸದಿಂದಲೇ ಬೀಸುವ ಪದಗಳು ಹುಟ್ಟಿದವು. ಕಲ್ಲಿಗೆ ನಮಸ್ಕಾರ, ತವರಿನ ನೆನಪು, ಅಣ್ಣತಮ್ಮಂದಿರ ಹಾರೈಕೆ, ಅತ್ತೆಮನೆಯ ಸಂಕಟ ಎಲ್ಲವೂ ಕಲ್ಲಿನ ಲಯಕ್ಕೆ ಹೊಂದಿಕೊಂಡು ಹಾಡಾದವು. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ಇಂಥ ಹಾಡುಗಳನ್ನೂ ಬಳಕೆಯ ವಸ್ತುಗಳನ್ನೂ ಉಳಿಸಲು ದುಡಿದವರು. ಅವರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇಂದಿಗೂ ಆ ಬದುಕನ್ನು ನೆನಪಿಸುತ್ತದೆ.

ಬೀಸುವ ಶ್ರಮವನ್ನು ಸುಖವೆಂದು ಬಣ್ಣಿಸುವುದು ತಪ್ಪಾದೀತು. ಅದು ಅನಿವಾರ್ಯದ ದುಡಿಮೆ, ಗಿರಣಿ ಬಂದಾಗ ಹೆಂಗಸರು ನಿಟ್ಟುಸಿರು ಬಿಟ್ಟದ್ದು ಸಹಜ. ಆದರೆ ಪುನರಾವರ್ತನೆ ಸಹ್ಯವಾಗುವುದು ಹೇಗೆ ಎಂಬುದನ್ನು ಆ ಕಲ್ಲು ತೋರಿಸುತ್ತದೆ. ಲಯವಿತ್ತು, ಜೊತೆಯವರಿದ್ದರು, ಮೊರ ತುಂಬುವ ಹಿಟ್ಟು ಕಣ್ಣೆದುರಿಗಿತ್ತು. ಆಟವೂ ಒದಗಿಸುವುದು ಇವೇ ಮೂರು: ಕೈಗೆ ಲಯ, ಜಾಲದಲ್ಲಿ ಗೆಳೆಯರು, ತುಂಬುವ ಪಟ್ಟಿ. ಒಂದೇ ವ್ಯತ್ಯಾಸ, ರಾಗಿ ಮುಗಿದರೆ ಕಲ್ಲು ನಿಲ್ಲುತ್ತಿತ್ತು. ಆಟದ ರಾಗಿ ಮುಗಿಯುವುದೇ ಇಲ್ಲ.

ಗದ್ದೆಯೂ ಪರದೆಯೂ

2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ‘ಫಾರ್ಮ್‌ವಿಲ್’ ಎಂಬ ಆಟ ಲೋಕವನ್ನೇ ಆವರಿಸಿತು. ಉಳುವುದು, ಬಿತ್ತುವುದು, ಕೊಯ್ಯುವುದು, ಮತ್ತೆ ಉಳುವುದು, ಇಷ್ಟೇ ಆಟ. 2020ರ ಡಿಸೆಂಬರ್ 31ರಂದು ಅದು ಮುಚ್ಚಿತು. ಅದನ್ನು ಅಣಕಿಸಲು ಇಯಾನ್ ಬೋಗೊಸ್ಟ್ 2010ರಲ್ಲಿ ಆರು ಗಂಟೆಗೊಮ್ಮೆ ಹಸುವಿನ ಚಿತ್ರ ಒತ್ತುವುದಷ್ಟೇ ಇರುವ ‘ಕೌ ಕ್ಲಿಕರ್’ ರಚಿಸಿದರು. ಸಾವಿರಾರು ಜನ ಅದನ್ನೂ ಶ್ರದ್ಧೆಯಿಂದ ಆಡಿದರು!

ನಿಜವಾದ ಹಸು, ನಿಜವಾದ ಗದ್ದೆ ಇರುವ ಊರಿನ ಹುಡುಗನಿಗೆ ಆಟದ ಬೇಸಾಯ ಏಕೆ ಬೇಕು? ಉತ್ತರ ಕಹಿಯಾದದ್ದು. ಆಟದಲ್ಲಿ ದುಡಿದದ್ದಕ್ಕೆ ಫಲ ಖಚಿತ, ತಕ್ಷಣ. ಇಲ್ಲಿ ಕಬ್ಬು ನಾಟಿ ಮಾಡಿದರೆ ಕಟಾವಿಗೆ ಸುಮಾರು ಒಂದು ವರ್ಷ ಕಾಯಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆಯ ಭಾಗದ ಗದ್ದೆಗೆ ಮುಟ್ಟಬೇಕು, ಕಟಾವಿನ ಆಳು ಸಿಗಬೇಕು, ಕಾರ್ಖಾನೆ ಅರೆಯಬೇಕು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ರಸ್ತೆಗಿಳಿದದ್ದನ್ನು ಜಿಲ್ಲೆ ಹಲವು ಬಾರಿ ಕಂಡಿದೆ. ದುಡಿಮೆಗೂ ಫಲಕ್ಕೂ ನಡುವಿನ ನಂಟು ಸಡಿಲವಾದ ಕಡೆ, ಆ ನಂಟನ್ನು ಬಿಗಿಯಾಗಿ ಹೆಣೆದ ಆಟ ಇಷ್ಟವಾದರೆ ಹುಡುಗನನ್ನಷ್ಟೇ ದೂಷಿಸಲಾಗದು.

ಸುಖ ಎಲ್ಲಿ ತೊಡಕಾಗುತ್ತದೆ?

ಆಟ ತಯಾರಕರಿಗೆ ಮೇಲಿನ ಮನಃಶಾಸ್ತ್ರವೆಲ್ಲ ಗೊತ್ತು. ಹಲವು ಉಚಿತ ಆಟಗಳಲ್ಲಿ ಬೀಸುವ ಕೆಲಸವನ್ನು ಬೇಕೆಂದೇ ದೀರ್ಘವಾಗಿಸಿ, ಅದನ್ನು ತಪ್ಪಿಸುವ ದಾರಿಯನ್ನು ಹಣಕ್ಕೆ ಮಾರುತ್ತಾರೆ. ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಚೀನಾ 2021ರಲ್ಲಿ ಮಕ್ಕಳ ಆನ್‌ಲೈನ್ ಆಟವನ್ನು ವಾರಕ್ಕೆ ಮೂರು ಗಂಟೆಗೆ ಮಿತಗೊಳಿಸಿತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆದರೆ ಹಣವಿಲ್ಲದ ಆಟದಲ್ಲಿಯೂ ಒಂದು ಪಣವುಂಟು, ಅದು ಸಮಯ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ‘ಗೇಮಿಂಗ್ ಡಿಸಾರ್ಡರ್’ ಅನ್ನು ಗುರುತಿಸಿದೆ. ಅದರ ಲಕ್ಷಣ ಆಡಿದ ಗಂಟೆಗಳ ಲೆಕ್ಕವಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಮುಂದುವರಿದರೆ ಅದು ಕಾಯಿಲೆ. ಹೆಚ್ಚಿನ ಆಟಗಾರರು ಈ ಗೆರೆಯ ಈಚೆಗೇ ಇರುತ್ತಾರೆ. ಗೆರೆ ದಾಟಿದ ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಇದೆ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೆತ್ತವರು ಏನು ಮಾಡಬಹುದು?

ಮೊಬೈಲ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು ‘ಏನು ಸೇರಿಸುತ್ತಿದ್ದೀಯಪ್ಪ, ಇನ್ನೆಷ್ಟು ಬೇಕು?’ ಎಂದು ಕೇಳಿ ನೋಡಿ. ಗಡಿಯಾರದ ಮಿತಿಗಿಂತ ‘ಈ ಮಟ್ಟ ಮುಗಿದ ಮೇಲೆ ಸಾಕು’ ಎಂಬ ಮಿತಿ ಮಕ್ಕಳಿಗೆ ಒಪ್ಪಿಗೆಯಾಗುವುದು ಸುಲಭ, ಏಕೆಂದರೆ ಅದು ಆಟದ ತರ್ಕವನ್ನೇ ಅನುಸರಿಸುತ್ತದೆ. ಓದನ್ನೂ ಮನೆಗೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಒಡೆದು, ಮುಗಿದದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾಡಿದ್ದಕ್ಕೆ ಒಂದು ಮೆಚ್ಚುಗೆಯ ಮಾತು ಆ ದಿನವೇ ಸಿಗಲಿ.

ಮನುಷ್ಯನಿಗೆ ಪುನರಾವರ್ತನೆಯ ಮೇಲೆ ದ್ವೇಷವಿಲ್ಲ. ಅವನಿಗೆ ಸಹಿಸಲಾಗದ್ದು ಫಲ ಕಾಣದ ಪುನರಾವರ್ತನೆ. ಆಟಗಳು ಈ ಗುಟ್ಟನ್ನು ಕಂಡುಕೊಂಡಿವೆ. ಮನೆ, ಶಾಲೆ, ಹೊಲಗಳೂ ಅದನ್ನು ಅರಿತರೆ ಮಕ್ಕಳು ಬೀಸುವ ಕಲ್ಲಿನಿಂದ ಹಿಟ್ಟೂ ಬಂದೀತು.