ಹೊಸ ಕಾರಿಗೆ ಮೊದಲ ಗೀರು ಬಿತ್ತಾ?

ಹೊಸ ಕಾರು ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ. ಲಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ, ಕಾಯಿ ಒಡೆದದ್ದು ಕಣ್ಣಿಗೆ ಕಟ್ಟಿದಂತಿದೆ. ಭಾನುವಾರ ನೀವೇ ಧೈರ್ಯ ಮಾಡಿ ಸ್ಟೀರಿಂಗ್ ಹಿಡಿದು ಬಾಗಲಕೋಟೆಯಿಂದ ಗುಡೂರಿನ ತವರುಮನೆಗೆ ಹೊರಟಿರಿ. ಊರೊಳಗಿನ ಓಣಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಸ್ವಲ್ಪ ಎಡಕ್ಕೆ ಸರಿದಿರಿ, ಅಷ್ಟೇ. ಯಾರದೋ ಮನೆಯ ಕಟ್ಟೆಕಲ್ಲು ಕರ್ರ್ ಅಂತು. ಇಳಿದು ನೋಡಿದರೆ ಎಡಬಾಗಿಲ ಮೇಲೆ ಗೇಣುದ್ದದ ಗೀರು!

'ಇರಲಿ ಬಿಡವ್ವಾ, ಗಾಡಿ ಅಂದಮ್ಯಾಗ ಗೀರು ಬೀಳೂದ' ಎಂದು ಅವ್ವ ಸಮಾಧಾನ ಮಾಡಿದರೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮನೆಯವರಿಗೆ ಏನು ಹೇಳೋದು ಅನ್ನೋ ಚಿಂತೆ. ಮೊದಲು ಒಂದು ಲೋಟ ನೀರು ಕುಡಿಯಿರಿ. ಇದಕ್ಕೆ ದಾರಿಯಿದೆ.

ಉಗುರೇ ಹೇಳುತ್ತದೆ

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್. ಗೀರು ಬಿದ್ದ ಜಾಗವನ್ನು ತೊಳೆದು ಒಣಗಿಸಿ, ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆದು ನೋಡಿ.

* ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲ್ಪದರದಲ್ಲೇ ಇದೆ. ಪಾಲಿಶ್ ಮಾಡಿದರೆ ಹೋಗುತ್ತದೆ. ಕೆಲವೊಮ್ಮೆ ಅದು ಗೀರೇ ಅಲ್ಲ, ಕಟ್ಟೆಯ ಸುಣ್ಣ ಅಂಟಿರುತ್ತದೆ!
* ಉಗುರು ಸಿಕ್ಕಿಕೊಂಡರೆ ಬಣ್ಣದವರೆಗೂ ಹೋಗಿದೆ. ನಿಮ್ಮ ಕಾರಿನ ಕಲರ್ ಕೋಡ್ ಕೊಟ್ಟು ಟಚ್‌ಅಪ್ ಪೇಂಟ್ ತರಿಸಿ. 'ಅದೇ ಕೆಂಪು' ಅಂತ ಕಣ್ಣಂದಾಜಿನಲ್ಲಿ ತಂದರೆ ತೇಪೆ ಹಾಕಿದಂತೆ ಕಾಣುತ್ತದೆ.
* ತಗಡು ಕಾಣುತ್ತಿದ್ದರೆ ತಡ ಮಾಡಬೇಡಿ. ನೀರು ತಗುಲಿದರೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಂತೂ ಬೇಗ ಗ್ಯಾರೇಜಿಗೆ ತೋರಿಸಿ. ಪ್ಲಾಸ್ಟಿಕ್ ಬಂಪರ್ ಆದರೆ ತುಕ್ಕಿನ ಭಯವಿಲ್ಲ.

ಇವನ್ನು ಮಾತ್ರ ಮಾಡಬೇಡಿ

ಪಾತ್ರೆ ತಿಕ್ಕುವ ನಾರು, ಸೋಪಿನ ಪುಡಿ ಹತ್ತಿರ ತರಬೇಡಿ. ಧೂಳು ಕೂತ ಕಾರನ್ನು ಒಣಬಟ್ಟೆಯಿಂದಲೋ ಸೆರಗಿನಿಂದಲೋ ಒರೆಸಬೇಡಿ. ಇಳಕಲ್ ಕಡೆಯ ಕಲ್ಲಿನ ಪುಡಿ, ನಮ್ಮ ರಸ್ತೆಯ ಮಣ್ಣು ಮರಳು ಕಾಗದದಂತೆ ಉಜ್ಜಿ ಹತ್ತು ಹೊಸ ಗೀರು ಎಳೆಯುತ್ತವೆ. ಮೊದಲು ನೀರು ಹಾಯಿಸಿ, ಆಮೇಲೆ ಕಾರ್ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆ ಬಳಸಿ. ಉರಿಬಿಸಿಲಲ್ಲಿ ತೊಳೆದರೆ ನೀರಿನ ಕಲೆ ಉಳಿಯುತ್ತದೆ.

ವಿಮೆ: ಲೆಕ್ಕ ಹಾಕಿ

'ಇನ್ಶೂರೆನ್ಸ್ ಇದೆಯಲ್ಲ' ಅಂತ ಓಡಬೇಡಿ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಸತತ 5 ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ. 50ಕ್ಕೆ ಏರುತ್ತದೆ. ಸಣ್ಣ ಗೀರಿಗೆ ಕ್ಲೇಮ್ ಮಾಡಿದರೆ ಆ ಬೋನಸ್ ಹೋಯಿತು. ಮೇಲಾಗಿ 1500 ಸಿಸಿವರೆಗಿನ ಕಾರಿಗೆ ಸಾಮಾನ್ಯವಾಗಿ ಮೊದಲ 1,000 ರೂಪಾಯಿ ನೀವೇ ಕೊಡಬೇಕು. ಗ್ಯಾರೇಜಿನಲ್ಲಿ ಖರ್ಚು ಕೇಳಿ, ಯಾವುದು ಲಾಭ ನೋಡಿ. ಕ್ಲೇಮ್ ಮಾಡುವುದೇ ಆದರೆ ರಿಪೇರಿಗೆ ಮೊದಲೇ ಕಂಪನಿಗೆ ತಿಳಿಸಿ.

ಮುಚ್ಚಿಡಬೇಡಿ

ಗೀರು ಕಾಣದಂತೆ ಗೋಡೆ ಕಡೆ ಕಾರು ನಿಲ್ಲಿಸಿದರೆ ಎಷ್ಟು ದಿನ? ಮನೆಯವರಿಗೆ ನೀವೇ ಹೇಳಿ. ಒಂದೆರಡು ಮಾತು ಬಂದರೂ ಬರಲಿ, ಅವರ ಕೈಯಲ್ಲೂ ನಾಳೆ ಬೀಳಬಹುದು. ಎಷ್ಟೋ ಹೆಣ್ಣುಮಕ್ಕಳು ಮೊದಲ ಗೀರಿಗೇ ಹೆದರಿ 'ನನಗಿದು ಬೇಡ' ಎಂದು ಕೀಲಿ ಕೊಟ್ಟುಬಿಡುತ್ತಾರೆ. ಆಮೇಲೆ ತವರಿಗೆ ಹೋಗಲೂ ಇನ್ನೊಬ್ಬರ ಬಿಡುವು ಕಾಯಬೇಕು. ಬಾಗಿಲ ಗೀರಿಗೆ ಬಣ್ಣ ಸಿಗುತ್ತದೆ, ಬಿಟ್ಟುಕೊಟ್ಟ ಕೀಲಿ ಮತ್ತೆ ಕೈಗೆ ಬರುವುದು ಕಷ್ಟ. ಹಾಗಾಗಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಂದಿನ ಸೀಟಿನಲ್ಲಿಡಿ. ಬಾಗಲಕೋಟೆಗೆ ನೀವೇ ಓಡಿಸಿಕೊಂಡು ಬನ್ನಿ.