ಹಳೇ ಅಂಬಾಸಿಡರ್‌ಗೆ ಹೊಸ ಬ್ರೇಕ್

ಅಕ್ಕಂದಿರೇ, ಅಂಬಾಸಿಡರ್ ಕಾರು ನಿಮಗೆ ಗೊತ್ತು. ಗುಂಡನೆಯ ಮೈ. ಅಗಲವಾದ ಸೀಟು. ಮದುವೆಗೂ ಇದೇ, ಬಾಣಂತಿಯನ್ನು ಕರೆತರಲಿಕ್ಕೂ ಇದೇ. 1958ರ ಸುಮಾರಿಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರು ತಯಾರಾಗತೊಡಗಿತು. 2014ರಲ್ಲಿ ತಯಾರಿ ನಿಂತಿತು. ಆದರೂ ಹಳೇ ಗಾಡಿ ಕೊಂಡು, ರಿಪೇರಿ ಮಾಡಿಸಿ ಓಡಿಸುವವರು ಇದ್ದಾರೆ.

ಇಂಥ ಗಾಡಿ ಮನೆಗೆ ಬಂದರೆ ಮೊದಲು ಬಣ್ಣ ಹೊಡೆಸುತ್ತಾರೆ. ಆಮೇಲೆ ಸೀಟಿಗೆ ಹೊಸ ಕವರು. ನಾವು ಹೇಳುವುದು ಬೇರೆ. ಮೊದಲು ಮುಂದಿನ ಗಾಲಿಯ ಬ್ರೇಕ್ ನೋಡಿಸ್ರಿ. "ಕಾರಿನ ಮಾತು ಗಂಡಸರದು, ನಮಗ್ಯಾಕ?" ಅನ್ನಬೇಡಿ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂರುವವರು ನಾವೇ ಅಲ್ಲವೇ?

ಬೋಗುಣಿ ಮತ್ತು ತಾಟು

ಹಳೇ ಅಂಬಾಸಿಡರ್‌ನ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ ಅಂದರೆ ಕಬ್ಬಿಣದ ಬೋಗುಣಿ ಇದ್ದ ಹಾಗೆ. ಅದು ಗಾಲಿಯ ಜೊತೆ ತಿರುಗುತ್ತದೆ. ಅದರ ಒಳಗೆ ಅರ್ಧಚಂದ್ರದ ಆಕಾರದ ಎರಡು ಶೂ ಇರುತ್ತವೆ. ಡ್ರೈವರ್ ಕಾಲಿನಿಂದ ಪೆಡಲ್ ಒತ್ತುತ್ತಾನೆ. ಬ್ರೇಕ್ ಎಣ್ಣೆ ಪೈಪಿನಲ್ಲಿ ಒತ್ತಡ ಒಯ್ಯುತ್ತದೆ. ಶೂಗಳು ಅಗಲವಾಗಿ ಬೋಗುಣಿಯ ಒಳಗೋಡೆಗೆ ಉಜ್ಜುತ್ತವೆ. ಗಾಡಿ ನಿಲ್ಲುತ್ತದೆ.

ಉಜ್ಜಿದರೆ ಬಿಸಿ. ನಿಮ್ಮ ಎರಡು ಅಂಗೈ ತಿಕ್ಕಿ ನೋಡ್ರಿ. ಇಲ್ಲಿ ಹತ್ತು ಕ್ವಿಂಟಲ್‌ಗಿಂತ ಭಾರದ ಗಾಡಿ, ಮೇಲೆ ಜನ. ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಡ್ರೈವರ್ ಮತ್ತೆ ಮತ್ತೆ ಬ್ರೇಕ್ ಒತ್ತುತ್ತಾನೆ ಅನ್ನಿ. ಬೋಗುಣಿ ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಶೂ ಮೇಲಿನ ಲೈನಿಂಗಿನ ಹಿಡಿತವೂ ಕಡಿಮೆ ಆಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಗಾಡಿ ಕೇಳುವುದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೂ ಹೀಗೇ. ಬೋಗುಣಿಯೊಳಗೆ ಹೊಕ್ಕ ನೀರು ಬೇಗ ಆರುವುದಿಲ್ಲ.

ಡಿಸ್ಕ್ ಬ್ರೇಕ್ ತಾಟಿನ ಹಾಗೆ. ತಾಟು ಗಾಲಿಯ ಜೊತೆ ಬಯಲಲ್ಲೇ ತಿರುಗುತ್ತದೆ. ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಇಕ್ಕಳದಂತೆ ಹಿಡಿಯುತ್ತವೆ. ಗಾಳಿ ತಾಗಿ ತಾಟು ಬೇಗ ಆರುತ್ತದೆ. ಕಾದು ಹಿಗ್ಗಿದರೂ ಪ್ಯಾಡ್‌ನಿಂದ ದೂರ ಹೋಗುವುದಿಲ್ಲ.

ಮುಂದಿನ ಗಾಲಿಗೇ ಯಾಕೆ? ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಗಾಡಿಯ ಭಾರವೂ ಹಾಗೇ ಮುಂದಕ್ಕೆ ಬೀಳುತ್ತದೆ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು.

ತಾಟು ಒಂದೇ ಸಾಲದು

ಆಮೇಲೆ ಬಂದ ಕೆಲವು ಅಂಬಾಸಿಡರ್‌ಗಳಿಗೆ ಕಂಪನಿಯೇ ಮುಂದೆ ಡಿಸ್ಕ್ ಕೊಟ್ಟಿತ್ತು. ಹಳೇ ಗಾಡಿಗೆ ಅದೇ ಸಾಮಾನು ತಂದು ಕೂರಿಸುವ ಮೆಕ್ಯಾನಿಕ್‌ಗಳಿದ್ದಾರೆ. ಆದರೆ ತಾಟು, ಇಕ್ಕಳ ಹಾಕಿದರೆ ಕೆಲಸ ಮುಗಿಯಲಿಲ್ಲ. ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಕೂಡ ಅದಕ್ಕೆ ಹೊಂದಬೇಕು. ಡ್ರಮ್‌ಗೆಂದು ಮಾಡಿದ್ದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ. ಅದನ್ನೇ ಡಿಸ್ಕ್‌ಗೆ ಬಿಟ್ಟರೆ ಪ್ಯಾಡ್ ತಾಟನ್ನು ಬಿಡುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಬಿಸಿ ಆಗುತ್ತದೆ.

ಎರಡು ಭಾಗದ ಸಿಲಿಂಡರ್ ಹಾಕಿಸುವುದು ಒಳ್ಳೆಯದು. ಹಳೇ ಗಾಡಿಯಲ್ಲಿ ನಾಲ್ಕು ಗಾಲಿಗೂ ಒಂದೇ ದಾರಿ. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ಕಾಲಿನ ಬ್ರೇಕ್ ಪೂರ್ತಿ ಹೋಯಿತು. ಎರಡು ಭಾಗದ್ದಾದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಖರ್ಚು ಉಳಿಸಬೇಕಾದರೆ ಬಣ್ಣದಲ್ಲಿ ಉಳಿಸಿ, ಇದರಲ್ಲಿ ಬೇಡ.

ಡಿಸ್ಕ್‌ಗೆ ಕಾಲಿನ ಬಲ ಜಾಸ್ತಿ ಬೇಕು. ಅದಕ್ಕೆ ಸರ್ವೋ ಎಂಬ ಡಬ್ಬಿ ನೆರವಾಗುತ್ತದೆ. ಅದು ಎಂಜಿನ್ ಓಡುತ್ತಿರುವಾಗ ಕೆಲಸ ಮಾಡುತ್ತದೆ. ಡೀಸೆಲ್ ಗಾಡಿಗೆ ಇದಕ್ಕೆಂದು ಬೇರೆ ಪಂಪು ಬೇಕು. ಕೆಲವರು ಎಣ್ಣೆ ಉಳೀಲಿ ಅಂತ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುತ್ತಾರೆ. ಆಗ ಸರ್ವೋದ ನೆರವು ಒಂದೆರಡು ಸಲ ಒತ್ತುವುದರೊಳಗೆ ಮುಗಿಯುತ್ತದೆ. ಪೆಡಲ್ ಕಲ್ಲಿನಂತಾಗುತ್ತದೆ. ಡ್ರೈವರ್ ಹಾಗೆ ಮಾಡಿದರೆ "ಎಂಜಿನ್ ಚಾಲೂ ಮಾಡಪ್ಪಾ, ಗೇರಿನಲ್ಲಿ ಇಳಿಸು" ಅಂತ ಕೂಡಲೇ ಹೇಳ್ರಿ. ನಾಚಿಕೆ ಬೇಡ.

ಒಳ್ಳೆಯ ಬ್ರೇಕ್ ಇದ್ದರೂ ವೇಗದ ಲೆಕ್ಕ ತಪ್ಪದು. 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ 6 ಮೀಟರ್‌ಗೆ ನಿಲ್ಲುವ ಗಾಡಿ, 60ರಲ್ಲಿ ನಿಲ್ಲಲು 24 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು.

ಮನೆಯಲ್ಲಿ ನೋಡಬೇಕಾದದ್ದು

ಬ್ರೇಕ್ ಎಣ್ಣೆ ಬೇರೆ, ಎಂಜಿನ್ ಎಣ್ಣೆ ಬೇರೆ. ಎಂಜಿನ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಪೆಡಲ್ ಮೆತ್ತಗೆ ಒಳಗೆ ಹೋದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಗಾಲಿಯ ಹತ್ತಿರ, ಒಬ್ಬರು ಪೆಡಲ್ ಮೇಲೆ. ಪೆಡಲ್ ಒತ್ತುವ ಕೆಲಸ ನಾವೂ ಮಾಡಬಹುದು.

ಇನ್ನೊಂದು ಮುಖ್ಯ ಮಾತು. ಹಳೇ ಲೈನಿಂಗಿನಲ್ಲಿ ಕಲ್ನಾರು ಹಾಕುತ್ತಿದ್ದರು. ಡ್ರಮ್ ಬಿಚ್ಚಿದಾಗ ಕಾಣುವ ಧೂಳಿನಲ್ಲಿ ಅದು ಇರಬಹುದು. ಉಸಿರಿನ ಜೊತೆ ಒಳಗೆ ಹೋದರೆ ಹತ್ತಾರು ವರ್ಷದ ಮೇಲೆ ಪುಪ್ಪುಸದ ರೋಗ, ಕ್ಯಾನ್ಸರ್ ಬರಬಹುದು. ಧೂಳನ್ನು ಊದಬಾರದು, ಒಣಗಿದ್ದಂತೆ ಗುಡಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಗ್ಯಾರೇಜಿನ ಅಂಗಿಯನ್ನು ಮನೆಯೊಳಗೆ ಜಾಡಿಸಬೇಡಿ. ನೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆಯಿರಿ.

ಬ್ರೇಕ್ ಬದಲಿಸುವ ಮುಂಚೆ ಗದಗಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಹೊಸದು ಮಾಡಿಸುವಾಗ ಗಾಡಿಯನ್ನು ಪರೀಕ್ಷೆ ಮಾಡುತ್ತಾರೆ.

ಹೊಸ ಪ್ಯಾಡ್ ತಾಟಿಗೆ ಕೂಡಿಕೊಳ್ಳಲು ಸ್ವಲ್ಪ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಖಾಲಿ ಗಾಡಿಯನ್ನು ಬಯಲು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ನಿಲ್ಲಿಸಿ ನೋಡಬೇಕು. ಗಾಡಿ ಒಂದು ಮಗ್ಗುಲಿಗೆ ಎಳೆದರೆ ಮತ್ತೆ ಮೆಕ್ಯಾನಿಕ್ ಹತ್ತಿರ ಒಯ್ಯಬೇಕು. ಎಲ್ಲಮ್ಮನ ಗುಡ್ಡಕ್ಕೆ ಆಮೇಲೆ ಹೋದರಾಯಿತು.