ಹಳೇಬೀಡು ಅಂತ ಹುಡುಕಿದ್ರೆ ಹಳೇಬೀಡೇ ಸಿಗಬೇಕು

ಅರಸೀಕೆರೆಯಲ್ಲಿ ರೈಲಿಳಿದು, ಬಸ್ ಹಿಡಿದು ಹಳೇಬೀಡು, ಬೇಲೂರು ನೋಡೋಕೆ ಹೊರಟವರಿಗೆ ಕನ್ನಡದಲ್ಲೊಂದು ವೆಬ್‌ಸೈಟ್ ಮಾಡ್ತಿದ್ದೀವಿ ಅಂತ ಇಟ್ಕೊಳ್ಳಿ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸೈಟ್ ನೋಡೋರಲ್ಲಿ ಕಣ್ಣು ಕಾಣದವರು, ಮೌಸ್ ಹಿಡಿಯೋಕೆ ಆಗದವರು, ಕನ್ನಡಕ ಮನೇಲಿ ಮರೆತು ಬಂದ ಅಜ್ಜಂದಿರು ಎಲ್ಲರೂ ಇರ್ತಾರೆ. ನಾಲ್ಕು ಜನ ಕೂತು ಕೋಡ್ ಬರೆದ್ರೆ ನಾಲ್ಕು ಥರದ ಪುಟಗಳಾಗುತ್ತವೆ. ಹಾಗಾಗಿ ಕೋಡ್‌ಗಿಂತ ಮೊದಲು ನಿಯಮ ಬರೀಬೇಕು.

"ಸೈಟ್ ಎಲ್ಲರಿಗೂ ಸುಲಭವಾಗಿರಬೇಕು" ಅಂತ ಬರೆದಿಟ್ರೆ ಯಾರೂ ಜಗಳ ಆಡಲ್ಲ, ಯಾರೂ ಪಾಲಿಸೋದೂ ಇಲ್ಲ. ಪರೀಕ್ಷೆ ಮಾಡಿ ಹೌದು ಅಥವಾ ಇಲ್ಲ ಅನ್ನೋಕೆ ಆಗೋ ಹಾಗಿದ್ರೆ ಮಾತ್ರ ಅದು ನಿಯಮ. ಇಂಥ ನಿಯಮಗಳ ದೊಡ್ಡ ಪಟ್ಟಿ ಆಗಲೇ ಇದೆ. ವೆಬ್‌ನ ಮಾನದಂಡಗಳನ್ನು ರೂಪಿಸೋ ಡಬ್ಲ್ಯೂ ತ್ರೀ ಸಿ ಸಂಸ್ಥೆಯ ಡಬ್ಲ್ಯೂಸಿಎಜಿ ಅದು; ಅದರ 2.2 ಆವೃತ್ತಿ 2023ರಲ್ಲಿ ಬಂತು. ನಮ್ಮ ಸರ್ಕಾರಿ ವೆಬ್‌ಸೈಟುಗಳಿಗೂ 2009ರಿಂದ ಮಾರ್ಗಸೂಚಿ ಇದೆ. ಕಣ್ಣು ಮಿಟುಕಿಸೋಕೆ ಆಗದ ಆಸಿಡ್ ದಾಳಿ ಸಂತ್ರಸ್ತರು ಆನ್‌ಲೈನ್ ಕೆವೈಸಿ ಮಾಡಲಾಗದೆ ಕೋರ್ಟಿಗೆ ಹೋದ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಬಳಸೋ ಅವಕಾಶವೂ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಬಣ್ಣದಿಂದ ಶುರು ಮಾಡೋಣ. ಹೊಯ್ಸಳರ ಸೈಟ್ ಅಂದ ತಕ್ಷಣ ಬಳಪದ ಕಲ್ಲಿನ ಬೂದು ಬಣ್ಣ ಹಾಕೋಣ ಅಂತ ತಂಡದಲ್ಲಿ ಒಬ್ಬರಾದ್ರೂ ಹೇಳೇ ಹೇಳ್ತಾರೆ. ಬಿಳಿ ಹಿನ್ನೆಲೆ ಮೇಲೆ 999999 ಅನ್ನೋ ಬೂದು ಹಾಕಿದ್ರೆ ಕಾಂಟ್ರಾಸ್ಟ್ ಸುಮಾರು 2.85ಕ್ಕೆ 1. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು. 767676 ಹಾಕಿ, 4.54 ಬರುತ್ತೆ, ಪಾಸ್. ಬೂದು ಬೂದಾಗೇ ಉಳೀತು, ಅಜ್ಜನಿಗೂ ಕಾಣ್ತು.

ಆ ಪಟ್ಟಿ ಎಲ್ಲಾ ಭಾಷೆಗಳಿಗೂ ಸೇರಿ ಬರೆದಿದ್ದು. ಕನ್ನಡದ ತಾಪತ್ರಯಗಳಿಗೆ ನಾವೇ ನಿಯಮ ಸೇರಿಸ್ಕೋಬೇಕು. ಮೊದಲನೇದು, ಎಲ್ಲವೂ ಯೂನಿಕೋಡ್‌ನಲ್ಲೇ ಇರಬೇಕು. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್. ಸ್ಕ್ರೀನ್ ರೀಡರ್ ಅದನ್ನ ಓದಿದ್ರೆ ಬರೀ ಗಲಿಬಿಲಿ ಕೇಳುತ್ತೆ. ಜೊತೆಗೆ ಎಚ್‌ಟಿಎಂಎಲ್‌ನಲ್ಲಿ ಪುಟದ ಭಾಷೆ ಕನ್ನಡ ಅಂತ ಹೇಳಿರಬೇಕು, ಇಲ್ಲಾಂದ್ರೆ ಕನ್ನಡ ಪುಟವನ್ನ ಇಂಗ್ಲಿಷ್ ದನಿ ಓದೋಕೆ ಹೋಗುತ್ತೆ.

ಯೂನಿಕೋಡ್ ಆದ ಮೇಲೂ ಒಂದು ತರಲೆ ಇದೆ, ನನಗೆ ಬಹಳ ಇಷ್ಟವಾದದ್ದು. "ಹಳೇಬೀಡು" ಪದದ "ಳೇ"ಯಲ್ಲಿರೋ ಏತ್ವವನ್ನ ಒಂದೇ ಕೋಡಾಗಿ ಬರೀಬಹುದು, ಅಥವಾ ಎತ್ವ ಮತ್ತು ದೀರ್ಘದ ಗುರುತು ಅಂತ ಎರಡು ಕೋಡ್ ಜೋಡಿಸಿಯೂ ಬರೀಬಹುದು. "ಬೀ"ಯ ಈತ್ವಕ್ಕೂ ಅದೇ ಕಥೆ, ಅರಸೀಕೆರೆಯ "ಸೀ"ಗೂ ಅಷ್ಟೇ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಂದನ್ನ ಟೈಪ್ ಮಾಡಿದವರಿಗೆ ಇನ್ನೊಂದರಲ್ಲಿ ಉಳಿಸಿಟ್ಟ ಪುಟ ಸಿಗದೇ ಹೋಗಬಹುದು. ಸೇವ್ ಮಾಡುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಅನ್ನೋ ರೂಪಕ್ಕೆ ಬದಲಾಯಿಸಬೇಕು, ಒಂದು ಸಾಲಿನ ಕೋಡ್ ಅಷ್ಟೆ. "ಹಳೆಬೀಡು" ಅಂತ ಹ್ರಸ್ವ ಹಾಕೋರಿಗೆ, ಇಂಗ್ಲಿಷಿನಲ್ಲಿ ಮೂರ್ನಾಲ್ಕು ಥರ ಸ್ಪೆಲ್ಲಿಂಗ್ ಬರೆಯೋರಿಗೆ ಬೇರೆಯದೇ ಪಟ್ಟಿ ಬೇಕು. ಇನ್ನೊಂದು, ಬಟನ್ನಿನ ಎತ್ತರ ಗಟ್ಟಿಯಾಗಿ ಕಟ್ಟಿಹಾಕಬೇಡಿ. ಕೆಳಗಿನ ಒತ್ತು ಕತ್ತರಿಸಿಹೋದ್ರೆ "ಚೆನ್ನಕೇಶವ" ಹೋಗಿ "ಚೆನಕೇಶವ" ಆಗ್ತಾನೆ.

ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಬರೆಯೋದು ಕೋಡ್ ಕೆಲಸಕ್ಕಿಂತ ಭಾಷೆಯ ಕೆಲಸ. ಬೇಲೂರಿನ ದರ್ಪಣ ಸುಂದರಿಯ ಫೋಟೋಗೆ "ಶಿಲ್ಪ" ಅಂತ ಬರೆದ್ರೆ ಏನೂ ಹೇಳಿದ ಹಾಗಾಗಲಿಲ್ಲ. "ಕೈಯಲ್ಲಿ ಹಿಡಿದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾ ನಿಂತ ಮದನಿಕೆ" ಅಂದ್ರೆ ಕೇಳಿದವರಿಗೂ ಒಂದು ಚಿತ್ರ ಸಿಗುತ್ತೆ. ಆದ್ರೆ ಅದೇ ಫೋಟೋ ಬಸ್ ವೇಳೆಯ ಪುಟದಲ್ಲಿ ಬರೀ ಅಲಂಕಾರಕ್ಕಿದ್ರೆ ಆಲ್ಟ್ ಇರಬೇಕು, ಖಾಲಿ ಇರಬೇಕು. ಆಲ್ಟ್ ಇಲ್ಲವೇ ಇಲ್ಲದಿದ್ರೆ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಹೆಸರನ್ನೇ ಓದಿಬಿಡ್ತವೆ. ಹೊಯ್ಸಳೇಶ್ವರದ ಗೋಡೆಯಂಥ ಉದ್ದದ ಪಟ್ಟಿಕೆಗಳಿಗೆ, ಕೆಳಗೆ ಆನೆ ಸಾಲಿಂದ ಶುರು ಮಾಡಿ ಮೇಲಿನವರೆಗೆ ವಿವರಣೆಯನ್ನ ಪುಟದಲ್ಲೇ ಎಲ್ಲರಿಗೂ ಕಾಣೋ ಹಾಗೆ ಬರೆಯೋದು ಒಳ್ಳೇದು. ಕಣ್ಣಿದ್ದವರೂ ಆ ಗೋಡೇಲಿ ಅರ್ಧ ನೋಡದೇ ಬರ್ತಾರೆ!

ಬಸ್ ವೇಳಾಪಟ್ಟಿಯ ಬೋರ್ಡನ್ನ ಫೋಟೋ ತೆಗೆದು ಅಂಟಿಸೋ ಹಾಗಿಲ್ಲ. ಸಾಲು, ಕಾಲಂ ಇರೋ ಟೇಬಲ್ಲೇ ಬೇಕು. "ಇಲ್ಲಿ ಕ್ಲಿಕ್ ಮಾಡಿ" ಅನ್ನೋ ಲಿಂಕ್ ಬೇಡ, ಸ್ಕ್ರೀನ್ ರೀಡರ್‌ನಲ್ಲಿ ಲಿಂಕುಗಳ ಪಟ್ಟಿ ತೆಗೆದವರಿಗೆ ಹತ್ತು ಸಲ ಅದೇ "ಇಲ್ಲಿ" ಕೇಳುತ್ತೆ. ಒತ್ತೋ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ.

ಲೈವ್ ಮಾಡೋ ಮುಂಚೆ ಮೌಸ್ ಎತ್ತಿಟ್ಟು ಟ್ಯಾಬ್ ಕೀಲಿ ಮಾತ್ರ ಒತ್ತಿ ಪೂರ್ತಿ ಸೈಟ್ ಸುತ್ತಿ. ಆಮೇಲೆ ದಿನಾ ಸ್ಕ್ರೀನ್ ರೀಡರ್ ಬಳಸೋರೊಬ್ಬರನ್ನ ಕರೆದು, ಅರಸೀಕೆರೆಯಿಂದ ಹಳೇಬೀಡಿಗೆ ಬೆಳಗಿನ ಮೊದಲ ಬಸ್ ಎಷ್ಟೊತ್ತಿಗೆ ಅಂತ ಹುಡುಕೋಕೆ ಹೇಳಿ. ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ (ಅದೇ ಕಷ್ಟ). ಅವರು ಎಲ್ಲಿ ತಡವರಿಸಿದ್ರು ಅಂತ ಬರ್ಕೊಳ್ಳಿ, ಮುಂದಿನ ನಿಯಮ ಅಲ್ಲಿಗೇ ಬೇಕಾಗಿರುತ್ತೆ.